ಅಮ್ಮ ಕಿತ್ತು ತೆಗೆದ ಮುಸುಕು

ಪಿನ್ನಮ್ಮ ಕೊನೆಯ ಪಿನ್ನನ್ನೂ ಚುಚ್ಚಿ, ಒಂದು ಹೆಜ್ಜೆ ಹಿಂದೆ ಸರಿದು, ತಾನು ಹೊಡೆದ ಮೊಳೆ ನೆಟ್ಟಗಿದೆಯೋ ಎಂದು ನೋಡುವ ಬಡಗಿಯ ಹಾಗೆ ಹಾಸಿಗೆಯಲ್ಲಿದ್ದ ತಲೆಯನ್ನು ನೋಡಿದಳು.

"ಈಗ ತೆಗೀರಿ ನೋಡೋಣ, ಅಕ್ಕ."

ಅಕ್ಕ ತೆಗೆದಳು. ಪಾರ್ಶ್ವವಾಯು ಹೊಡೆದ ಬಲಗೈ ಬೇರೆ ಯಾರದೋ ಎಂಬಂತೆ ಹೊದಿಕೆಯ ಮೇಲೆ ಬಿದ್ದಿತ್ತು. ಎಡಗೈ ಮಾತ್ರ ಮೆಲ್ಲಗೆ ಎದ್ದು, ನೆತ್ತಿಯ ಮೇಲಿನ ಬಿಳಿ ಬಟ್ಟೆಯನ್ನು ಹಿಡಿದು ಎಳೆಯಿತು. ಪಿನ್ನುಗಳ ಜೊತೆ ಒಂದಷ್ಟು ನರೆಗೂದಲೂ ಕಿತ್ತು ಬಂತು. ಮುಖ ಕಿವುಚಿತು, ಕೈ ಬಿಡಲಿಲ್ಲ. "ಬ... ಬ..." ಎಂದಳು. ಅವಳ ಬಾಯಲ್ಲಿ ಉಳಿದಿದ್ದ ಮಾತು ಅದೊಂದೇ.

ಕಿಟಕಿಯ ಬಳಿ ನಿಂತಿದ್ದ ಮಗಳು, "ಬಿಡಿ ಚಿಕ್ಕಮ್ಮ, ನೋವಾಗ್ತಿದೆ ಅಮ್ಮನಿಗೆ" ಎಂದಳು.

"ನೋವು ಯಾರಿಂದ ಅಂತ ನಾನು ಹೇಳಬೇಕಾ?" ಪಿನ್ನಮ್ಮ ಮಗಳ ಕತ್ತಿನವರೆಗೂ ಬಾರದ ಕೂದಲನ್ನು ಒಮ್ಮೆ ನೋಡಿದಳು. "ಆಸ್ಪತ್ರೆಯಿಂದ ಬಂದಾಗ ಕೂಸಿನ ಹಾಗೆ ಮುಸುಕು ಹಾಕಿಸ್ಕೊಂಡಿದ್ರು. ನೀನು ಬಂದೆ, ಶುರುವಾಯ್ತು."

ಇದು ಸುಳ್ಳಾಗಿದ್ದರೆ ಮಗಳಿಗೆ ಸಿಟ್ಟು ಬರುತ್ತಿತ್ತು. ನಿಜವಾದ್ದರಿಂದ ಕಿತ್ತು ಬಿದ್ದ ಪಿನ್ನುಗಳನ್ನು ಆರಿಸತೊಡಗಿದಳು.

ಪಿನ್ನಮ್ಮನಿಗೂ ತಂದೆತಾಯಿ ಇಟ್ಟ ಹೆಸರೊಂದಿತ್ತು. ಅವರ ಕ್ರೈಸ್ತ ಸಭೆಯವರು ಅದನ್ನು ಮರೆತು ಬಹಳ ಕಾಲವಾಗಿತ್ತು. ಆರಾಧನೆಯ ನಡುವೆ ಯಾವ ಹೆಂಗಸಿನ ಮುಸುಕು ಜಾರಿದರೂ ಹಿಂದಿನ ಬೆಂಚಿನಿಂದ ಪಿನ್ನು ಹಿಡಿದ ಕೈಯೊಂದು ಬರುತ್ತಿತ್ತು. ಅದು ಆಕೆಯ ಸೇವೆ. ಪೀಠೋಪಕರಣದ ಅಂಗಡಿಯ ಮೇಲಿನ ಹಾಲ್‌ನಲ್ಲಿ ಕೂಡುತ್ತಿದ್ದ ಆ ಸಣ್ಣ ಸಭೆಯಲ್ಲಿ ಮುಸುಕು ಭಾನುವಾರಕ್ಕೆ ಮಾತ್ರ ಮೀಸಲಾದ ಬಟ್ಟೆಯಾಗಿರಲಿಲ್ಲ. ಹೆಂಗಸರು ಅದನ್ನು ಬೆಳಿಗ್ಗೆ ತಲೆಗೆ ಹಾಕಿದರೆ ಮಲಗುವಾಗಲೇ ತೆಗೆಯುತ್ತಿದ್ದುದು. "ಪ್ರಾರ್ಥನೆ ಸೀನಿದ್ದ ಹಾಗೆ, ಯಾವಾಗ ಬರುತ್ತೋ ಹೇಳೋಕಾಗಲ್ಲ" ಎಂಬುದು ಈ ತಾಯಿಯದೇ ಮಾತು. ತಲೆ ಬರಿದಾಗಿರುವಾಗ ಹೆಂಗಸು ಪ್ರಾರ್ಥಿಸುವಂತಿಲ್ಲ, ಬಾಯಿಬಿಟ್ಟೂ ಇಲ್ಲ, ಮನಸ್ಸಿನಲ್ಲೂ ಇಲ್ಲ. ಸ್ನಾನ ಮುಗಿಸಿ ಬಂದವಳ ಕಿವಿಗೆ ಯಾರದೋ ಅಪಘಾತದ ಸುದ್ದಿ ಬಿದ್ದರೆ ಕೈಗೆ ಸಿಕ್ಕಿದ್ದು ತಲೆಗೇರುತ್ತಿತ್ತು: ಟವೆಲ್ಲು, ಏಪ್ರನ್ನು, ಒಮ್ಮೆ ಮಗುವಿನ ಚಡ್ಡಿ. ದೇವದೂತರು ನೋಡುತ್ತಿರುತ್ತಾರೆ ಎಂಬುದು ಕಾರಣ. ಚಡ್ಡಿಯ ಬಗ್ಗೆ ದೇವದೂತರ ಅಭಿಪ್ರಾಯ ತಿಳಿದುಬಂದಿಲ್ಲ.

ಇನ್ನೊಂದು ಕಟ್ಟಳೆಯೂ ಇತ್ತು. ಯಾರಾದರೂ ಪ್ರಾರ್ಥನೆ ಶುರುಮಾಡಿದರೆ ಕಿವಿಗೆ ಬಿದ್ದವರೆಲ್ಲ ಇದ್ದಲ್ಲೇ ನಿಂತು, ತಲೆ ತಗ್ಗಿಸಿ, ಆಮೆನ್ ಅನ್ನುವವರೆಗೆ ಕಣ್ಣು ಮುಚ್ಚಬೇಕು. ತಾಯಿಯ ಪ್ರಾರ್ಥನೆಗಳು ಉದ್ದಕ್ಕೆ ಹೆಸರಾದವು. ಊಟ ಆರಿ ತಣ್ಣಗಾಗುತ್ತಿತ್ತು. ಎಲೆಕ್ಟ್ರಿಷಿಯನ್ ಆಗಿದ್ದ ಮಗ ಒಮ್ಮೆ ಏಣಿಯ ಮೇಲೆ, ಕೈಯಲ್ಲಿ ಬಲ್ಬು ಹಿಡಿದು, ಕಾಲು ಜೋಮು ಹಿಡಿಯುವವರೆಗೂ ಹಾಗೇ ನಿಂತಿದ್ದ. ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ತಾಯಿಗೆ ಕೆಲಸ. ಗಾಜಿನ ಹಿಂದೆ ಬಿಳಿ ಮುಸುಕು ಕಂಡ ಕೂಡಲೇ, ಬಸ್ಸು ತಪ್ಪಿದ್ದಕ್ಕೆ ಕೂಗಾಡಲು ಬಂದವರ ದನಿ ತಾನಾಗಿ ಇಳಿಯುತ್ತಿತ್ತು. ಕೆಲವರು ಟಿಕೆಟ್ಟಿನ ಜೊತೆ ಮನೆಯ ಕಷ್ಟವನ್ನೂ ಹೇಳಿಕೊಂಡು ಹೋಗುತ್ತಿದ್ದರು. ಅವರೆಲ್ಲ ಸಂಜೆಯ ಪ್ರಾರ್ಥನೆಯಲ್ಲಿ ಸಾಲಾಗಿ ಬರುತ್ತಿದ್ದರು. ಡ್ರೈವರುಗಳು, ಕಂಡಕ್ಟರುಗಳು, ವಾಂತಿ ಮಾಡಿಕೊಂಡ ಮಗು, ಎಲ್ಲರೂ.

ಮಗಳು ಕೂದಲು ಕತ್ತರಿಸುವ ಕೆಲಸ ಕಲಿತಳು. ಕಲಿಯುವಾಗ ಮೊದಲು ಕತ್ತರಿಸಿಕೊಂಡದ್ದು ತನ್ನದೇ ಕೂದಲನ್ನು. ಪಾರ್ಲರಿನ ಒಡತಿ, "ನಿನ್ನ ತಲೇನೇ ಕಾಣದಿದ್ರೆ ಗಿರಾಕಿ ತನ್ನ ತಲೆ ನಿನ್ನ ಕೈಗೆ ಹೇಗಮ್ಮ ಕೊಡ್ತಾಳೆ?" ಎಂದಿದ್ದಳು. ಮುಸುಕು ಹೋಯಿತು, ಸಭೆಯೂ ಹೋಯಿತು. ತಾಯಿ ಬೈಯಲಿಲ್ಲ. ಆದರೆ ಮಗಳು ಮನೆಗೆ ಬಂದಾಗಲೆಲ್ಲ, ಊಟಕ್ಕೆ ಕೂರುವ ಮೊದಲು ತಟ್ಟೆ ಹಿಡಿದು ಅಡುಗೆಮನೆಗೆ ಹೋಗಿ, ಅಲ್ಲಿ ಸ್ತೋತ್ರ ಹೇಳಿ, ಮತ್ತೆ ಬಂದು ಕೂರುತ್ತಿದ್ದಳು.

"ನಿನ್ನ ದೇವರು ಅಡುಗೆಮನೇಲಿ ಮಾತ್ರ ಇರೋದಾ?" ಎಂದು ಮಗಳು ಒಮ್ಮೆ ಕೇಳಿದ್ದಳು.

"ಅಲ್ಲಿ ಜಗಳ ಇಲ್ಲ" ಎಂದಿದ್ದಳು ತಾಯಿ.

ಅಂದಿನಿಂದ ಅವರಿಬ್ಬರೂ ಒಂದೇ ಕೋಣೆಯಲ್ಲಿ ಪ್ರಾರ್ಥಿಸಿದ್ದಿಲ್ಲ.

ಪಿನ್ನುಗಳು ಕಿತ್ತು ಬಂದ ದಿನದ ಸಂಜೆಯೇ ಪಿನ್ನಮ್ಮನ ಗಂಡ ಬಂದರು. ಕನ್ನಡಕದ ಅಂಗಡಿಯವರು, ಸಭೆಯ ಹಿರಿಯರು. ಎದುರಿನವರ ಮುಖವನ್ನು ಕನ್ನಡಕದ ಮೇಲಿಂದ ನೋಡಿ ಅಳತೆ ತೆಗೆಯುವ ಅಭ್ಯಾಸ ಅಂಗಡಿಯ ಹೊರಗೂ ಬಿಟ್ಟಿರಲಿಲ್ಲ.

"ಭಾನುವಾರ ಆರಾಧನೆ ಮುಗಿಸಿ ರೊಟ್ಟಿ, ಪಾತ್ರೆ ಇಲ್ಲಿಗೇ ತರ್ತೀವಿ, ಅಕ್ಕ" ಎಂದರು.

ತಾಯಿಯ ಕಣ್ಣು ತುಂಬಿತು. ದೀಕ್ಷಾಸ್ನಾನವಾದ ಮೇಲೆ ಅವಳು ಕರ್ತನ ಮೇಜನ್ನು, ಯೇಸುವಿನ ನೆನಪಿಗೆ ರೊಟ್ಟಿ ಮುರಿದು ದ್ರಾಕ್ಷಾರಸ ಹಂಚಿಕೊಳ್ಳುವ ಆ ಊಟವನ್ನು, ತಪ್ಪಿಸಿದ್ದೇ ಇಲ್ಲ. ತಪ್ಪಿದ್ದು ಈ ಕಾಯಿಲೆಯಿಂದ. ಅದಕ್ಕಾಗಿ ಎಷ್ಟು ಹಸಿದಿದ್ದಾಳೆಂದು ಹೇಳಲು ಮಾತು ಬೇಕಿರಲಿಲ್ಲ.

"ಆದರೆ..." ಎಂದು ಹಿರಿಯರು ಅವಳ ಬರಿದಾದ ತಲೆಯ ಕಡೆ ನೋಡಿದರು.

ಮಗ ಅಡ್ಡ ಬಾಯಿ ಹಾಕಿದ. "ಹಿರಿಯರೇ, ಬುದ್ಧಿ ಸ್ಥಿಮಿತದಲ್ಲಿಲ್ಲ ಅಂತ ಇಟ್ಕೊಳ್ಳಿ. ಆಗ ತಪ್ಪಲ್ಲ, ಅಲ್ವಾ?"

"ಬುದ್ಧಿ ಇಲ್ಲ ಅಂದ್ರೆ ರೊಟ್ಟಿ ಯಾಕೆ ಅಂತಲೇ ಗೊತ್ತಾಗಲ್ಲ. ಕೊಡೋ ಹಾಗಿಲ್ಲ. ಬುದ್ಧಿ ಇದೆ ಅಂದ್ರೆ ಬೇಕಂತಲೇ ತೆಗೀತಿದ್ದಾರೆ. ಆಗಲೂ ಕೊಡೋ ಹಾಗಿಲ್ಲ."

"ಅಂದ್ರೆ ಎರಡೂ ಬಾಗಿಲು ಹಾಕಿದೆ."

"ಮೂರನೇದು ತೆಗೆದೇ ಇದೆಯಲ್ಲಪ್ಪ. ಮುಸುಕು ತಲೆ ಮೇಲಿದ್ರೆ ಆಯ್ತು." ದನಿ ಕಟುವಾಗಿರಲಿಲ್ಲ, ಅವರಿಗೂ ಈ ಅಕ್ಕನ ಬಗ್ಗೆ ಗೌರವವಿತ್ತು. "ನಾನೊಬ್ಬನೇ ಹಿರಿಯ ಅಲ್ಲ ನೋಡು."

ತಾಯಿ ಎಲ್ಲವನ್ನೂ ಕೇಳಿಸಿಕೊಂಡಳು. ಹಿರಿಯರು ಹೋದ ಮೇಲೆ ಮಗಳು ತನಗೆ ಬರುವ ವಿದ್ಯೆಯನ್ನೆಲ್ಲ ಹೂಡಿದಳು. ಬೆಚ್ಚಗಿನ ನೀರಲ್ಲಿ ತಾಯಿಯ ತಲೆ ತೊಳೆದು, ಸಿಕ್ಕು ಬಿಡಿಸಿ, ಪಿನ್ನು ಚುಚ್ಚಿ ಕೆಂಪಾದ ಜಾಗಕ್ಕೆ ಎಣ್ಣೆ ಸವರಿದಳು. ಹಳೆಯದೊಂದು ಮೆತ್ತನೆಯ ಮುಸುಕನ್ನು ಹುಡುಕಿ, ಪಿನ್ನೇ ಇಲ್ಲದೆ ಜಡೆಗೆ ಸುತ್ತಿ ಕಟ್ಟಿದಳು. ತಾಯಿ ಕಣ್ಣು ಮುಚ್ಚಿ ಕಟ್ಟಿಸಿಕೊಂಡಳು. ಆಮೇಲೆ ಎಡಗೈ ಎತ್ತಿ, ಗಂಟು ಹುಡುಕಿ, ಬಿಚ್ಚಿ, ಬಟ್ಟೆಯನ್ನು ಮಗಳ ಕಡೆಗೆ ಚಾಚಿದಳು.

ಬಾಗಿಲಲ್ಲಿ ನಿಂತಿದ್ದ ಅಣ್ಣ, "ಮುಗೀತು. ನಿನ್ನ ಪಾರ್ಟಿ ಸೇರ್ಕೊಂಡ್ಲು" ಎಂದ.

"ತಮಾಷೆ ಸಾಕು ಅಣ್ಣ."

"ಪಿನ್ನಮ್ಮ ಇದ್ದಾಗ ಕಿತ್ತು ಪಕ್ಕಕ್ಕಿಟ್ಕೋತಾಳೆ. ನಿನಗೆ ಮಾತ್ರ ಕೊಡ್ತಾಳೆ. ನೋಡು ನೀನೇ."

ಮಗಳು ನೋಡಿದಳು. ಅವಳಿಗೆ ಅದರಲ್ಲಿ ಕಂಡದ್ದು ಒಂದೇ ಅರ್ಥ: ತಗೋ, ನೀನು ತೆಗೆದ ಹಾಗೆ ನಾನೂ ತೆಗೆದೆ, ಈಗ ಸಮಾಧಾನವಾಯಿತಾ? ಇಷ್ಟು ವರ್ಷ ಬೈಯದೇ ಇದ್ದವಳು ಬಾಯಿ ಹೋದ ಮೇಲೆ ಬೈಯುತ್ತಿದ್ದಾಳೆ. ತಾನು ಕಣ್ಣೆದುರಿಂದ ಹೋದರೆ ಮುಸುಕು ನಿಲ್ಲುತ್ತದೆ, ಅಮ್ಮನಿಗೆ ರೊಟ್ಟಿ ಸಿಗುತ್ತದೆ.

"ಭಾನುವಾರ ಬೆಳಿಗ್ಗೆ ಬಸ್ಸಿಗೆ ಹೊರಡ್ತೀನಿ" ಎಂದಳು. ಅಣ್ಣ ಬೇಡ ಅನ್ನಲಿಲ್ಲ. ಅವನ ಲೆಕ್ಕವೂ ಅದೇ ಆಗಿತ್ತು.

ಭಾನುವಾರ ಬೆಳಿಗ್ಗೆ ಅಣ್ಣ ನೆಲ ಒರೆಸಿ, ಹಾಸಿಗೆಯ ಪಕ್ಕದ ಸಣ್ಣ ಮೇಜಿನಿಂದ ಮಾತ್ರೆಗಳನ್ನೆಲ್ಲ ತೆಗೆದು ಬಿಳಿ ಬಟ್ಟೆ ಹಾಸಿದ. ಮಗಳು ತಾಯಿಗೆ ಹೊಸ ಮುಸುಕು ಕಟ್ಟಿ, ಬ್ಯಾಗು ಹೆಗಲಿಗೇರಿಸಿ, ಹಾಸಿಗೆಯ ಬಳಿ ಬಂದಳು.

"ಬರ್ತೀನಮ್ಮ. ಇದನ್ನ ಮಾತ್ರ ತೆಗೀಬೇಡ. ಇವತ್ತೊಂದಿನ. ಅವರು ಬರ್ತಾರೆ."

ತಾಯಿ ಗೋಡೆಯ ಗಡಿಯಾರ ನೋಡಿದಳು, ಮೇಜಿನ ಮೇಲಿನ ಬಿಳಿ ಬಟ್ಟೆ ನೋಡಿದಳು, ಬ್ಯಾಗು ನೋಡಿದಳು. ಎಡಗೈ ಎದ್ದಿತು.

"ಅಮ್ಮಾ, ಬೇಡ!"

ಮುಸುಕು ಕೈಗೆ ಬಂದಿತ್ತು. ಮತ್ತೆ ಕಟ್ಟಲು ಮಗಳು ಬಾಗಿದಳು. ಆಗ ಆ ಕೈ ಬಟ್ಟೆಯನ್ನು ಬಿಡದೆ ಇನ್ನೂ ಮೇಲಕ್ಕೆ ಬಂತು, ಮಗಳ ನೆತ್ತಿಯನ್ನು ಮುಟ್ಟಿತು, ಬಟ್ಟೆಯನ್ನು ಅಲ್ಲಿ ಬಿಟ್ಟಿತು. ಅರ್ಧ ಕಣ್ಣ ಮೇಲೆ, ಅರ್ಧ ಕಿವಿಯ ಮೇಲೆ. ಆಮೇಲೆ ಮಗಳ ಮಣಿಕಟ್ಟು ಹಿಡಿದುಕೊಂಡು, ತಾಯಿ ತಲೆ ತಗ್ಗಿಸಿ ಕಣ್ಣು ಮುಚ್ಚಿದಳು. ಕಾದಳು.

ಮಗಳಿಗೆ ತಿಳಿಯಿತು. ಅಮ್ಮ ಬೈಯುತ್ತಿರಲಿಲ್ಲ, ಪಕ್ಷ ಬದಲಿಸಿಯೂ ಇರಲಿಲ್ಲ. ತನ್ನ ಬಾಯಿ ಹೋಗಿದೆ, ಮಗಳ ಬಾಯಿ ಇದೆ. ಬರಿ ತಲೆಯವಳು ಪ್ರಾರ್ಥಿಸುವಂತಿಲ್ಲ, ಮುಸುಕು ಬೇಕು. ಎದ್ದು ಕಪಾಟಿನಿಂದ ತಂದುಕೊಡಲು ಅವಳಿಗೆ ಕಾಲಿಲ್ಲ. ಕೈಗೆಟಕುವ ಮುಸುಕು ಇಡೀ ಮನೆಯಲ್ಲಿ ಒಂದೇ ಇತ್ತು. ಅಷ್ಟು ದಿನದಿಂದ ಅವಳು ಅದನ್ನೇ ಕೊಡುತ್ತಿದ್ದಳು, ಅವರು ಅದನ್ನೇ ಮತ್ತೆ ಅವಳಿಗೆ ಚುಚ್ಚುತ್ತಿದ್ದರು.

"ತಡಿಯಮ್ಮ, ನಿನಗೊಂದು ತರ್ತೀನಿ ಮೊದಲು." ಸರಿಯಲು ಹೋದಳು. ಹಿಡಿತ ಬಿಗಿಯಾಯಿತು. ಕೆಳಗೆ ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳ. ಕೈ ಕೊಸರಿಕೊಂಡು ಓಡಿದರೆ ಅಮ್ಮನ ತಲೆ ಮುಚ್ಚಬಹುದಿತ್ತು. ಆ ಹಿಡಿತವನ್ನು ಕೊಸರಿಕೊಳ್ಳಲು ಅವಳಿಗೆ ಆಗಲಿಲ್ಲ. ಕಣ್ಣು ಮುಚ್ಚಿದಳು.

"ಕರ್ತನೇ" ಎಂದಳು. "ನನ್ನ ದನಿ ನಿನಗೆ ಮರೆತುಹೋಗಿರಬಹುದು. ಇದು ಅಮ್ಮನ ಪರವಾಗಿ. ಅವಳ ಬಾಯಿ ಹೋಗಿದೆ. ನಿನಗದು ಗೊತ್ತು, ನೀನೇ... ಇರಲಿ, ಆ ಮಾತು ಈಗ ಬೇಡ."

ಹೆಜ್ಜೆಗಳು ಹೊಸ್ತಿಲಿಗೆ ಬಂದು ಗಕ್ಕನೆ ನಿಂತವು. ಪ್ರಾರ್ಥನೆ ನಡೆಯುತ್ತಿತ್ತು. ಹಿರಿಯರು ಒಂದು ಕೈಯಲ್ಲಿ ರೊಟ್ಟಿಯ ತಟ್ಟೆ, ಇನ್ನೊಂದರಲ್ಲಿ ಪಾತ್ರೆ ಹಿಡಿದು, ಕಟ್ಟಳೆಯಂತೆ ತಲೆ ತಗ್ಗಿಸಿ ಕಣ್ಣು ಮುಚ್ಚಿದರು. ಅಣ್ಣ ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು ಹಾಗೇ ನಿಂತ.

"ಟಿಕೆಟ್ ಕೌಂಟರಿಗೆ ಬರೋರನ್ನ ನೋಡ್ಕೋ. ಡ್ರೈವರುಗಳಿಗೆ ನಿದ್ದೆ ಬರದ ಹಾಗೆ ಮಾಡು. ಅಣ್ಣ ಕರೆಂಟು ಆಫ್ ಮಾಡದೇ ವೈರಿಗೆ ಕೈ ಹಾಕ್ತಾನೆ, ಅವನಿಗೆ ಬುದ್ಧಿ ಕೊಡು..."

ನಿಲ್ಲಿಸಿದರೆ ಎಲ್ಲರೂ ಕಣ್ಣು ತೆರೆಯುತ್ತಾರೆ. ಮಗಳು ನಿಲ್ಲಿಸಲಿಲ್ಲ. ಚಿಕ್ಕಂದಿನಲ್ಲಿ ಹಸಿದ ಹೊಟ್ಟೆಯಲ್ಲಿ ಕೇಳಿ ಬೇಸತ್ತ ಒಂದೊಂದು ಬೇಡಿಕೆಯೂ ನೆನಪಾಗಿ ಬಾಯಿಗೆ ಬಂತು. ಮೋಟು ಕೂದಲ ಮೇಲೆ ನಿಲ್ಲದೆ ಮುಸುಕು ಜಾರತೊಡಗಿತು. ಅದನ್ನು ಹಿಡಿಯಲು ಕೈ ಬಿಡುವಿರಲಿಲ್ಲ, ಒಂದು ಅಮ್ಮನ ಹಿಡಿತದಲ್ಲಿತ್ತು, ಇನ್ನೊಂದು ಹೆಗಲಿನ ಬ್ಯಾಗು ಹಿಡಿದಿತ್ತು. ಆಗ ಕಿವಿಯ ಹತ್ತಿರ ಯಾರದೋ ಉಸಿರು, ನೆತ್ತಿಯ ಬಳಿ ಒಂದು ಪಿನ್ನು, ಅದಾದ ಮೇಲೆ ಇನ್ನೊಂದು. ಪಿನ್ನಮ್ಮ ಕಣ್ಣು ಮುಚ್ಚಿರಲಿಲ್ಲ. ಬಹುಶಃ ಎಂದೂ ಮುಚ್ಚುತ್ತಿರಲಿಲ್ಲ.

ಕೊನೆಗೆ ಮಾತು ಮುಗಿಯಿತು. "ಆಮೆನ್" ಎಂದಳು. ತಾಯಿ "ಬ" ಎಂದಳು.

ಹಿರಿಯರು ಕಣ್ಣು ತೆರೆದು, ಮುಸುಕು ಎಲ್ಲಿರಬೇಕಿತ್ತೋ ಅಲ್ಲಿಲ್ಲದ್ದನ್ನೂ ಎಲ್ಲಿರಬಾರದಿತ್ತೋ ಅಲ್ಲಿರುವುದನ್ನೂ ಕನ್ನಡಕದ ಮೇಲಿಂದ ನೋಡಿದರು.

"ಸಭೆಗೆ ಬರ್ತೀಯೇನಮ್ಮ ಹಾಗಾದ್ರೆ?"

ಹೌದು ಅಂದಿದ್ದರೆ ಎಲ್ಲ ಸಲೀಸಾಗುತ್ತಿತ್ತೇನೋ. "ಇಲ್ಲ, ಹಿರಿಯರೇ."

"ಮತ್ತೆ ಇದು?"

"ಇದು ಅಮ್ಮಂದು. ನನಗೆ ಕೊಟ್ಟಳು, ಅವಳ ಪ್ರಾರ್ಥನೆ ಮಾಡೋಕೆ. ಅದಕ್ಕೇ ತೆಗೀತಿದ್ದದ್ದು. ಬುದ್ಧಿ ಕೆಟ್ಟಿಲ್ಲ, ಹಟವೂ ಅಲ್ಲ."

ಅಣ್ಣ ಒಂಟಿ ಚಪ್ಪಲಿಯಲ್ಲೇ ಓಡಿಹೋಗಿ ಟವೆಲ್ಲು ತಂದು ತಾಯಿಯ ತಲೆಗೆ ಹೊದಿಸಿದ. "ಈಗ ಸರಿಯಾಯ್ತಲ್ಲ? ಕೊಡಿ."

"ರೊಟ್ಟಿ ತಂದೀವಿ, ಕೊಟ್ಬಿಡ್ರಿ" ಎಂದಳು ಪಿನ್ನಮ್ಮ, ಗಂಡನ ಕಡೆ ನೋಡದೆ.

ಹಿರಿಯರ ಕೈ ಸ್ವಲ್ಪ ಮುಂದೆ ಬಂತು. ಅಲ್ಲೇ ನಿಂತಿತು. "ಬೇಕಂತಲೇ ತೆಗೆದರು ಅಂತ ಈಗ ಗೊತ್ತಾಯ್ತಲ್ಲ. ಕಾರಣ ಒಳ್ಳೇದೇ ಇರಬಹುದು. ಉಳಿದ ಹಿರಿಯರನ್ನ ಕೇಳದೆ ನಾನೊಬ್ಬನೇ ತೀರ್ಮಾನ ಮಾಡೋ ಹಾಗಿಲ್ಲ. ಮುಂದಿನ ಭಾನುವಾರ ನೋಡೋಣ, ಅಕ್ಕ." ತಟ್ಟೆ, ಪಾತ್ರೆ ಎರಡನ್ನೂ ಜೋಪಾನವಾಗಿ ಹಿಡಿದು ಹೊರಟರು. ಪಿನ್ನಮ್ಮ ಹಿಂದೆ ಹೋದಳು. ಮಗಳ ತಲೆಯಲ್ಲಿದ್ದ ಪಿನ್ನುಗಳನ್ನು ವಾಪಸು ಕೇಳಲಿಲ್ಲ.

ತಾಯಿ ಬಾಗಿಲನ್ನೇ ನೋಡುತ್ತಿದ್ದಳು. ಕಣ್ಣೀರು ಟವೆಲ್ಲಿನ ಅಂಚಿಗೆ ಇಳಿಯಿತು.

"ನಿನ್ನ ರೊಟ್ಟಿ ನನ್ನಿಂದ ಹೋಯ್ತಲ್ಲಮ್ಮ" ಎಂದಳು ಮಗಳು.

ತಾಯಿ ಮಗಳ ಮಣಿಕಟ್ಟನ್ನು ಮತ್ತೆ ಹಿಡಿದು ಅಲ್ಲಾಡಿಸಿದಳು.

"ಇನ್ನೂ ಇದೆಯಾ?"

"ಬ."

"ಯಾರಿಗೆ?"

ಹಿಡಿತ ಬಿಟ್ಟ ಬೆರಳೊಂದು ಎದ್ದು ಬಾಗಿಲ ಕಡೆ ತೋರಿಸಿತು. ಹೊರಗೆ, ತುಂಬಿದ ಪಾತ್ರೆ ತುಳುಕದ ಹಾಗೆ ಒಂದೊಂದೇ ಮೆಟ್ಟಿಲು ಇಳಿಯುವ ಸಪ್ಪಳ ಇನ್ನೂ ಕೇಳುತ್ತಿತ್ತು.

"ಅವರಿಗಾ? ಅಮ್ಮಾ, ಅವರಿಗಾ?"

ತಾಯಿ ಆಗಲೇ ಕಣ್ಣು ಮುಚ್ಚಿದ್ದಳು. ಅಣ್ಣ ಕುರ್ಚಿ ತಂದು ತಂಗಿಯ ಹಿಂದೆ ಇಟ್ಟು, ತಾನೂ ತಲೆ ತಗ್ಗಿಸಿದ. ಮಗಳು ಬ್ಯಾಗು ಕೆಳಗಿಟ್ಟು ಕೂತಳು.

"ಕರ್ತನೇ, ಮೆಟ್ಟಿಲು ಇಳೀತಿರೋ ಹಿರಿಯರಿಗೆ..." ಎಂದಳು. ಮುಂದಿನ ಮಾತು ಬಾಯಿಗೆ ಬರಲು ತಡವಾಯಿತು. ತಾಯಿ ಕಾದಳು.