ಎರಡು ತಾಲ್ಲೂಕುಗಳ ನಡುವೆ ಸುತ್ತಿದ ಕರೆ

ನಾನು ಒಂದು ಸರ್ವರ್. ಹುಟ್ಟುವಾಗಲೇ ಮೈತುಂಬ ಸ್ಕ್ರೂ ಜಡಿಸಿಕೊಂಡವನು, ಮೆದು ಮಾತು ನನಗೆ ಬಾರದು. ಮೊದಲು ಒಂದು ಸೀರೆ ಅಂಗಡಿಯ ಆನ್‌ಲೈನ್ ವ್ಯಾಪಾರ ನೋಡಿಕೊಂಡೆ. ಅಂಗಡಿ ಮುಚ್ಚಿದ ಮೇಲೆ ಜಿಲ್ಲೆಯ ಆಂಬುಲೆನ್ಸ್ ಕಚೇರಿಯವರು ನನ್ನನ್ನು ಕೊಂಡರು. ಯಾರಾದರೂ ಕರೆದರೆ ಹತ್ತಿರದ ಗಾಡಿ ಹುಡುಕಿ ಕಳಿಸುವುದು ನನ್ನ ಕೆಲಸ. ಇಂಜಿನಿಯರ್ ಶಹನಾಜ್ ನನ್ನನ್ನು ನೋಡಿಕೊಳ್ಳುತ್ತಿದ್ದಳು.

ಒಂದು ಮಧ್ಯಾಹ್ನ ನನ್ನ ತಲೆ ಕಾದು ಕೆಂಡವಾಯಿತು. ಸಿಪಿಯು ನೂರಕ್ಕೆ ನೂರು! ಫ್ಯಾನುಗಳು ಕಿರುಚಿದವು, ಜಿಲ್ಲೆಯ ಕರೆಗಳೆಲ್ಲ ನನ್ನ ಬಾಗಿಲಲ್ಲೇ ಬಿದ್ದು ಒದ್ದಾಡಿದವು. ಕಚೇರಿಯ ಸಾಹೇಬರು ಓಡಿಬಂದು ನನ್ನ ಸ್ವಿಚ್ಚು ಆರಿಸಿ ಮತ್ತೆ ಹಾಕಿದರು. ಎದ್ದೆ. ಹಳೆಯ ಕರೆಗಳೇ ಮತ್ತೆ ಮೈಮೇಲೆ ಬಿದ್ದವು, ಮತ್ತೆ ನೂರು.

ಅಷ್ಟರಲ್ಲಿ ಕಲ್ಲು ಕ್ವಾರಿಯ ಯಮನೂರಪ್ಪ ಬಾಗಿಲು ಒದ್ದು ನುಗ್ಗಿದ. ಸಿಡಿಮದ್ದು ಸಿಡಿದು ಅವನ ತಮ್ಮನ ತೊಡೆ ಹರಿದಿತ್ತು. ಫೋನಿಗೆ ಉತ್ತರ ಸಿಗದೆ ಬೈಕು ಹತ್ತಿ ಬಂದಿದ್ದ.

"ನನ್ನ ತಮ್ಮ ರಕ್ತ ಹರಿದು ಸಾಯಾಕತ್ಯಾನ, ನೀವಿಲ್ಲಿ ಡಬ್ಬಿ ನೋಡ್ಕೋತ ಕುಂತೀರೇನು?"

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಕಬ್ಬಿಣದ ಸ್ಟೂಲು ಎತ್ತಿ ನನ್ನ ಮೇಲೆ ಬೀಸಿದ. ಶಹನಾಜ್ ಅಡ್ಡ ಬಂದಳು. ಅವಳ ಎಡಗೈ ಮುರಿದ ಸದ್ದು ಫ್ಯಾನುಗಳ ಗಲಾಟೆಯಲ್ಲೂ ನನಗೆ ಕೇಳಿಸಿತು. ಸಾಹೇಬರು ಗಾಬರಿಯಲ್ಲಿ ಮತ್ತೆ ಸ್ವಿಚ್ಚಿಗೆ ಕೈ ಹಾಕಿದರು.

"ಆರಿಸಬ್ಯಾಡ್ರಿ ಸರ್! ಇದರ ತಲಿ ಯಾರು ತಿನ್ನಾಕತ್ಯಾರ ಅಂತ ನೋಡ್ಲೇಬೇಕು," ಎಂದು ಹಲ್ಲು ಕಚ್ಚಿ ಅವಳು ಬಲಗೈಯಲ್ಲೇ ಟೈಪು ಮಾಡಿದಳು.

ನೂರಾರು ಕರೆಗಳು ಸುಮ್ಮನೆ ಕಾಯುತ್ತಿದ್ದವು. ಕ್ವಾರಿಯಿಂದ ಬಂದ ನಾಲ್ಕೈದು ಮಾತ್ರ ನನ್ನನ್ನು ಹರಿದು ತಿನ್ನುತ್ತಿದ್ದವು. ಕ್ವಾರಿ ಇದ್ದದ್ದು ಎರಡು ತಾಲ್ಲೂಕುಗಳ ಗಡಿಯ ಮೇಲೆ. ಗಡಿಯ ಕರೆಯನ್ನು ಪಕ್ಕದ ತಾಲ್ಲೂಕಿಗೆ ದಾಟಿಸಬೇಕೆಂದು ಎರಡೂ ಕಡೆಯ ಅಧಿಕಾರಿಗಳು ಹಟ ಹಿಡಿದು ನನ್ನೊಳಗೆ ಬರೆಸಿದ್ದರು. ಮೂಡಣದವರು ಪಡುವಣಕ್ಕೆ ತಳ್ಳುವುದು, ಪಡುವಣದವರು ಮೂಡಣಕ್ಕೆ ತಳ್ಳುವುದು. ನಡುವೆ ನಾನು ಗಾಣದೆತ್ತಿನ ಹಾಗೆ ಸುತ್ತುತ್ತಿದ್ದೆ.

"ಅಣ್ಣಾರ, ಮೊದಲು ನಿಮ್ಮ ಕರೆನೇ ಕೊಲ್ಲಬೇಕ್ರಿ. ಗಾಡಿ ನಾನ ಕಳಸ್ತೀನಿ."

ಶಹನಾಜ್ ಆ ಕರೆಗಳನ್ನು ನನ್ನೊಳಗಿಂದ ಅಳಿಸಿ ಕೊಂದಳು. ನಾನು ತಣ್ಣಗಾದೆ, ಗಾಡಿಗಳು ಹೊರಟವು. ಒಬ್ಬ ಚಾಲಕನಿಗೆ ಅವಳೇ ಫೋನು ಮಾಡಿ, "ಗಡಿ ಗಿಡಿ ನೋಡಬ್ಯಾಡಪಾ, ಹೊಡಿ ಗಾಡಿ" ಎಂದು ಅರಚಿದಳು. ಗಾಡಿ ಮುಟ್ಟುವ ಹೊತ್ತಿಗೆ ತಮ್ಮ ಸತ್ತಿದ್ದ.

ಈಗ ನಾನು ಗುಜರಿ ಅಂಗಡಿಯಲ್ಲಿ ತುಕ್ಕು ಹಿಡಿಯುತ್ತಿದ್ದೇನೆ. ಯಮನೂರಪ್ಪನ ಮೇಲೆ ನನಗೆ ಸಿಟ್ಟಿಲ್ಲ. ಆಮೇಲೆ ನಡೆದದ್ದನ್ನು ಶಹನಾಜ್ ಅಳುತ್ತ ಹೇಳಿದ್ದಳು. ಅದನ್ನು ನೆನೆದರೆ ಮಾತ್ರ ಮೈ ಉರಿಯುತ್ತದೆ. ಹೆಣ ತಮ್ಮ ಸರಹದ್ದಿನದಲ್ಲ ಎಂದು ಎರಡೂ ತಾಲ್ಲೂಕಿನ ಪೊಲೀಸ್ ಠಾಣೆಯವರು ಕತ್ತಲಾಗುವವರೆಗೆ ಜಗಳವಾಡಿದರಂತೆ. ಕೊನೆಗೆ ಯಮನೂರಪ್ಪ ತಮ್ಮನನ್ನು ಹೆಗಲ ಮೇಲೆ ಹೊತ್ತು ನಡೆದು, ಎದುರಿಗೆ ಸಿಕ್ಕ ಮೊದಲ ಠಾಣೆಯ ಮೇಜಿನ ಮೇಲೆ ಮಲಗಿಸಿದ. ಸರಹದ್ದು ಅಲ್ಲಿಗೆ ತೀರ್ಮಾನವಾಯಿತು.