ಓಡೆಸ್ಸಾಳ ಗೋಡೆ

ಅಕ್ಕ ಓಡೆಸ್ಸಾಳನ್ನು ಈಸ್ಟರ್ ಕಳೆದ ಮೇಲೆ ಮಣ್ಣು ಮಾಡಿದೆವು. ಆಗಸ್ಟ್‌ನಲ್ಲಿ, ಶಾಲೆ ತೆರೆಯುವ ಮುನ್ನ, ಅವಳು ಪಾಠ ಮಾಡುತ್ತಿದ್ದ ತರಗತಿಯಲ್ಲೇ ನಮಗೆ, ಶಿಕ್ಷಕರಿಗೆ, ಓದು ಕಲಿಸುವ ತರಬೇತಿ ಇಟ್ಟರು. ಮಿಸಿಸಿಪ್ಪಿಯಲ್ಲಿ ಮೂರನೆಯ ತರಗತಿಯ ಓದಿನ ಪರೀಕ್ಷೆ ದಾಟದ ಮಗು ಅಲ್ಲೇ ಉಳಿಯುತ್ತದೆ. ನಮ್ಮಲ್ಲಿ ತುಂಬ ಮಕ್ಕಳು ಉಳಿದಿದ್ದರು.

ತರಬೇತಿ ಕೊಡಲು ಜ್ಯಾಕ್ಸನ್‌ನಿಂದ ಬಂದ ಮಿಸ್ ಸ್ಟಬ್ಸ್‌ಗೆ ಮೂವತ್ತೂ ತುಂಬಿರಲಿಲ್ಲ. ಎಲ್ಲರಿಗೂ ಪುಟ್ಟ ಕನ್ನಡಿ ಹಂಚಿ, ಒಂದೊಂದು ಅಕ್ಷರದ ಸದ್ದು ಹೊರಡುವಾಗ ತುಟಿ, ನಾಲಿಗೆ ಎಲ್ಲಿರುತ್ತವೆ ನೋಡಿಕೊಳ್ಳಿ ಎಂದಳು.

"ಈ ಮೂತಿ ನೋಡೋಕೆ ನನ್ ಹೆಂಡ್ತೀನೇ ಒಪ್ಪಲ್ಲ," ಎಂದ ಎರಡನೆಯ ತರಗತಿಯ ಮೇಷ್ಟ್ರು ಡಾರ್ಸಿ ಗೇನ್ಸ್. ಎಲ್ಲರೂ ನಕ್ಕರು. ನಾನು ಕನ್ನಡಿಯನ್ನು ಬೋರಲು ಹಾಕಿದೆ.

ಮಿಸ್ ಸ್ಟಬ್ಸ್ ಗೋಡೆಯತ್ತ ತಿರುಗಿದಳು. ಅಕ್ಕ ತನ್ನ ದುಂಡನೆಯ ಕೈಬರಹದಲ್ಲಿ ಬರೆದು ಅಂಟಿಸಿದ ಪದಗಳು ಅಲ್ಲಿದ್ದವು. ಮಕ್ಕಳು ಅವನ್ನು ದಿನವೂ ನೋಡಿ ನೋಡಿ ಬಾಯಿಪಾಠ ಮಾಡುತ್ತಿದ್ದರು.

"ಇದನ್ನ ಇವತ್ತೇ ತೆಗೀಬೇಕು. ಮಕ್ಕಳು ಸದ್ದು ಕೂಡಿಸಿ ಓದೋದು ಬಿಟ್ಟು ಬರೀ ಬಾಯಿಪಾಠ ಮಾಡಿದಾರೆ. ಈ ಗೋಡೆಯಿಂದ ಅವರಿಗೆ ಹಾನಿ ಆಗಿದೆ."

"ಹಾನಿ? ಯಾರ ಗೋಡೆ ಅಂತ ಗೊತ್ತೇನಮ್ಮ ನಿನಗೆ?"

"ಗೊತ್ತು ವರ್ನೆಟ್ಟಮ್ಮ. ನಾನು ಅವರನ್ನ ಬಯ್ತಿಲ್ಲ."

"ಸತ್ತೋಳು ಎದ್ದು ಬಂದು ಉತ್ತರ ಕೊಡಲ್ಲ ಅಂತ ಧೈರ್ಯ ನಿನಗೆ. ಆ ಮಾತು ವಾಪಸ್ ತಗೋ."

ಅವಳು ತೆಗೆದುಕೊಳ್ಳಲಿಲ್ಲ.

ಅಕ್ಕನ ಮೊಮ್ಮಗಳು ನೈಲಾ ಈ ವರ್ಷ ಮೂರನೆಯ ತರಗತಿ. ಮನೆಯಲ್ಲಿ ಯಾರೂ ಇಲ್ಲವೆಂದು ನನ್ನ ಜೊತೆ ಬಂದಿದ್ದಳು. ಅವಳನ್ನು ಎಬ್ಬಿಸಿ ನಿಲ್ಲಿಸಿದೆ. "ಓದು ಕಂದ. ಇವಳ ಕಿವಿಗೂ ಬೀಳಲಿ."

ನೈಲಾ ಇಡೀ ಗೋಡೆಯನ್ನು ಎಲ್ಲೂ ತಡವರಿಸದೆ ಓದಿದಳು. ಹಿಂದಿನಿಂದ ಯಾರೋ ಆಮೆನ್ ಎಂದರು.

"ಈಗ ಬಾಯಿ ಬಿಡು ನೋಡೋಣ," ಎಂದೆ ತರಬೇತಿಯವಳಿಗೆ.

ಮಿಸ್ ಸ್ಟಬ್ಸ್ ಹಲಗೆಯ ಮೇಲೆ ಅರ್ಥವಿಲ್ಲದ ಒಂದು ಚಿಕ್ಕ ಪದ ಬರೆದಳು. ನೈಲಾ ಅದನ್ನು ನೋಡಿದಳು, ಗೋಡೆ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು.

"ವಿತ್? ... ವಿಲ್?" ಗೋಡೆಯ ಪದಗಳನ್ನೇ ಹೇಳಿ ನೋಡಿದಳು. ಅವಳ ದನಿ ಇಳಿಯಿತು. "ಚಿಕ್ಕಜ್ಜಿ, ಇದನ್ನ ಅಜ್ಜಿ ಬರೆದೇ ಇಲ್ಲ."

"ಇಲ್ಲದ ಪದ ಬರೆದು ಮಗೂಗೆ ಮೋಸ ಮಾಡ್ತೀಯಾ?" ಎಂದು ಕೂಗಿದೆ.

"ಮೊದಲನೇ ಸಲ ನೋಡೋ ಪದ ಎಲ್ಲಾ ಮಗೂಗೆ ಹೀಗೇ ಕಾಣೋದು. ಪರೀಕ್ಷೆಯಲ್ಲಿ ಅಂಥವೇ ಬರ್ತವೆ. ಅಲ್ಲಿ ನಿಮ್ಮ ಮುಖ ಇರಲ್ಲ."

ಡಾರ್ಸಿಯೂ ನಗಲಿಲ್ಲ. ಮಿಸ್ ಸ್ಟಬ್ಸ್ ಗೋಡೆಗೆ ಕೈ ಹಾಕಿದಳು.

"ಮುಟ್ಟಬೇಡ! ನಾನೇ ತೆಗೀತೀನಿ. ಅವಳ ಬಗ್ಗೆ ಆ ಮಾತು ಇನ್ನೊಂದ್ಸಲ ಬಂತೋ, ನಿನ್ನನ್ನ ಈ ಬಾಗಿಲಿಂದ ಆಚೆ ನೂಕ್ತೀನಿ."

"ಆಡಲ್ಲ. ಗೋಡೆ ಖಾಲಿಯಾದ್ರೆ ಸಾಕು."

ಒಂದೊಂದಾಗಿ ಕಿತ್ತೆ. ಅಂಟು ಬಲವಾಗಿತ್ತು, ಕೆಲವು ಹರಿದವು. ಈಕೆಯನ್ನು ಕ್ಷಮಿಸುವ ಮನಸ್ಸು ಕೊಡೆಂದು ಕರ್ತನನ್ನು ಬೇಡಬೇಕಿತ್ತು, ಬೇಡಲಿಲ್ಲ. ಈಕೆ ಹೇಳಿಕೊಡುವುದು ನನ್ನ ಮುದಿ ತಲೆಗೆ ಹತ್ತಲಿ, ನೈಲಾಳಿಗೆ ಓದು ಬರಲಿ ಎಂದಷ್ಟೇ ಬೇಡಿದೆ.