ಬೊಟ್ಟಿಲ್ಲದ ದಿನಗಳು

ಚಿನ್ನದ ಗಣಿಯ ಊರಾದ ಉರಿಗಾಂನಲ್ಲಿ, ಕೂಲಿಕಾರರ ಸಾಲಿನ ನಮ್ಮ ಲೈನ್‌ಮನೆಯಲ್ಲಿ ಗಂಗಮ್ಮತಾಯಿಯ ಪಟದ ಪಕ್ಕ ಒಂದು ಕ್ಯಾಲೆಂಡರ್ ತೂಗುತ್ತಿತ್ತು. ನೆಲದಡಿಯಲ್ಲಿ ಬಂಡೆ ತಾನಾಗಿ ಸಿಡಿದು ಮನೆಯ ಪಾತ್ರೆಗಳು ಅದುರಿದ ದಿನ, ಮಗ ಕೋದಂಡಪ್ಪ ಗಣಿಯಿಂದ ಜೀವಂತವಾಗಿ ಮೇಲೆ ಬಂದನೆಂದರೆ, ಆ ತಾರೀಖಿನ ಮೇಲೆ ಒಂದು ಕುಂಕುಮದ ಬೊಟ್ಟಿಟ್ಟು ಕೈಮುಗಿಯುತ್ತಿದ್ದೆ. ಅಂಥ ಹದಿನಾಲ್ಕು ವರ್ಷದ ಕ್ಯಾಲೆಂಡರುಗಳು ಟ್ರಂಕಿನಲ್ಲಿದ್ದವು. ನಾನು ದುಡಿದದ್ದು ಗಣಿಯ ಮೇಲೆ, ಆಸರೆಯ ದಿಮ್ಮಿ ಕೊಯ್ಯುವ ಮರದ ಅಂಗಳದಲ್ಲಿ. ಒಳಗಿನ ಸಂಗತಿ ನನಗೆ ತಿಳಿಯುತ್ತಿದ್ದುದು ಪಾತ್ರೆಗಳ ಸದ್ದಿನಿಂದಲೇ.

ಕೋದಂಡಪ್ಪನ ಮಗಳು ಅನಸೂಯ ಬಂಗಾರಪೇಟೆಗೆ ಹೋಗಿ ಬಂದು ಬಿ.ಎಸ್ಸಿ. ಓದುತ್ತಿದ್ದಳು. ಭೌತಶಾಸ್ತ್ರದ ಜೊತೆಗೆ, ಕಂಪ್ಯೂಟರಿನಿಂದ ವಿಜ್ಞಾನದ ಲೆಕ್ಕ ಮಾಡುವುದನ್ನು ಉಪವಿಷಯವಾಗಿ ತೆಗೆದುಕೊಂಡಿದ್ದಳು. ಕಾಲೇಜಿನಲ್ಲಿ ಕಂಪ್ಯೂಟರ್ ಇರಲಿಲ್ಲ. ಮಕ್ಕಳು ಚೌಕಳಿ ಹಾಳೆಯಲ್ಲಿ ಬರೆದುಕೊಟ್ಟದ್ದನ್ನು ಮೇಷ್ಟ್ರು ವೆಂಕಟೇಶಪ್ಪನವರು ತಿಂಗಳಿಗೊಮ್ಮೆ ಬೆಂಗಳೂರಿಗೆ ಒಯ್ದು, ಯಂತ್ರ ಓದುವ ತೂತಿನ ಕಾರ್ಡು ಮಾಡಿಸಿ, ಉತ್ತರ ತರುತ್ತಿದ್ದರು.

"ತಾತಾ, ನಿಜವಾದ ಅಂಕಿ ತಗಂಡು ಬನ್ನಿ ಅಂದವ್ರೆ. ನಿನ್ ಬೊಟ್ಟು ಕೊಡ್ತೀಯಾ?"

"ದೇವ್ರ ಬೊಟ್ಟಮ್ಮ ಅದು. ಪರೀಕ್ಷೆಗೆ ಬತ್ತದಾ?"

"ಅಂಗಾದ್ರೆ ನಿನ್ ದೇವ್ರೇ ಪಾಸ್ ಮಾಡಿಸ್ಲಿ ಬಿಡು."

ಕೊನೆಗೆ ಟ್ರಂಕು ತೆಗೆದುಕೊಟ್ಟೆ. ಬೊಟ್ಟಿನ ತಾರೀಖುಗಳ ಜೊತೆಗೆ ಜನ ಸತ್ತ ದಿನಗಳನ್ನು ಲೈನಿನ ಹೆಂಗಸರಿಂದ ಕೇಳಿ ಬರೆದುಕೊಂಡಳು. ಎರಡು ತಿಂಗಳಿಗೆ ಅಗಲವಾದ ಕಾಗದದಲ್ಲಿ ಉತ್ತರ ಬಂತು. ಜೀವ ತೆಗೆದ ಪ್ರತಿ ಸಿಡಿತದ ನಂತರ ಹನ್ನೊಂದು ದಿನ ನೆಲ ಅದುರುವುದಿಲ್ಲ ಎಂದು ಅದರಲ್ಲಿತ್ತು. ಮೇಷ್ಟ್ರು ಐವತ್ತಕ್ಕೆ ನಲವತ್ತಮೂರು ಕೊಟ್ಟಿದ್ದರು.

ಕೋದಂಡಪ್ಪ ನಕ್ಕ. "ಜೋಯಿಸ್ರು ತೆಂಗಿನ್ಕಾಯಿ ಇಸ್ಕಂಡು ಏಳ್ತಾರೆ. ನಿನ್ ಮಿಸೀನು ಬಿಟ್ಟಿ ಏಳ್ತದೆ ಕಣಮ್ಮಿ!"

ಪಾತ್ರೆಗಳು ಆ ದಿನಗಳಲ್ಲೂ ಅದುರಿದ ಹಾಗೆ ನನಗೆ ನೆನಪಿತ್ತು. ಆದರೆ ಯಂತ್ರವೇ ಹೇಳುವಾಗ ಮುದುಕನ ನೆನಪಿಗೆ ಏನು ಬೆಲೆ ಎಂದು ಸುಮ್ಮನಾದೆ. ಹನ್ನೊಂದು ಎಂದು ಕೇಳಿ ಗಂಗಮ್ಮನ ಪಟಕ್ಕೆ ಕೈಮುಗಿದೆ. ನಮ್ಮ ಲೈನಿನಲ್ಲಿ ಗಣಿಗೆ ಯಾರು ಬಲಿಯಾದರೂ, ತಮಿಳಿನವರಾಗಲಿ ತೆಲುಗಿನವರಾಗಲಿ, ಎಲ್ಲ ಮನೆಗೂ ಹನ್ನೊಂದು ದಿನ ಸೂತಕ. ಭೂಮಿತಾಯಿಯೂ ನಮ್ಮೊಡನೆ ಸೂತಕ ಹಿಡಿಯುತ್ತಾಳೆ ಎಂದು ನಾನು ಅರ್ಥ ಮಾಡಿಕೊಂಡೆ.

ಆ ಆಷಾಢದಲ್ಲಿ ಪಕ್ಕದ ಮನೆಯ ಆರುಮುಗಂ ಬಂಡೆಯಡಿ ಸಿಕ್ಕಿ ಸತ್ತ. ನಾಲ್ಕನೆಯ ದಿನವಾದರೂ ಹೆಣ ಮೇಲೆ ಬರಲಿಲ್ಲ. ಮತ್ತೆ ಸಿಡಿಯುತ್ತದೆಂಬ ಭಯಕ್ಕೆ ಅಲ್ಲಿಗೆ ಇಳಿಯಲು ಜನ ಒಪ್ಪಲಿಲ್ಲ. ಆರುಮುಗಂನ ಹೆಂಡತಿ ನೀರೂ ಮುಟ್ಟದೆ ಬಾಗಿಲಲ್ಲಿ ಕೂತಿದ್ದಳು.

ಹೆಣ ತರಲು ತಾನೇ ಇಳಿಯುತ್ತೇನೆಂದು ಎದ್ದ ಕೋದಂಡಪ್ಪ ಮಗಳನ್ನು ಕೇಳಿದ. "ಏನ್ ಅಂತದಮ್ಮಿ ನಿನ್ ಕಾಗ್ದ?"

"ಏನೂ ಆಗಲ್ಲ ಅಂತದೆ. ಆದ್ರೆ ಅದು ಪರೀಕ್ಷೆಗೆ ಮಾಡಿದ್ದಪ್ಪ..."

ಅವನು ನನ್ನ ಮುಖ ನೋಡಿದ.

"ಓಗಪ್ಪ," ಎಂದೆ. "ಇನ್ನೂ ಏಳು ದಿನ ಐತೆ. ತಾಯಿ ಕಾಯ್ತಾಳೆ."

ಮಧ್ಯಾಹ್ನ ಪಾತ್ರೆಗಳೆಲ್ಲ ಉರುಳಿ ಬಿದ್ದವು. ಸಂಜೆ ಎರಡು ಹೆಣ ಮೇಲೆ ಬಂದವು.

ಸೂತಕ ಕಳೆದ ಮೇಲೆ ಅನಸೂಯ ಕ್ಯಾಲೆಂಡರಿನ ತಾರೀಖುಗಳ ಮೇಲೆ ಬೆರಳಾಡಿಸಿದಳು.

"ತಾತಾ, ಅಪ್ಪನ್ನ ಕಳ್ಕಂಡ ದಿನ ಅದುರಿದ್ರೂ ಬೊಟ್ಟೇ ಇಲ್ಲ."

"ಅವ್ನು ಬದುಕಿ ಬಂದಿದ್ರೂ ಇಡ್ತಿರ್ಲಿಲ್ಲ. ಸೂತಕದಾಗ ಕುಂಕುಮ ಮುಟ್ತಾರೇನಮ್ಮ?"

ಅವಳು ತಿರುಗಿ ನನ್ನನ್ನು ನೋಡಿದಳು. ಟ್ರಂಕು ತೆಗೆದು ಹಳೆಯ ಕ್ಯಾಲೆಂಡರುಗಳನ್ನು ನೆಲದ ಮೇಲೆ ಹರಡಿದಳು. ಜನ ಸತ್ತ ಪ್ರತಿ ತಾರೀಖಿನ ಮುಂದೆ ಬೊಟ್ಟಿಲ್ಲದ ಹನ್ನೊಂದು ಬರಿಯ ಚೌಕಗಳಿದ್ದವು.

"ಬೊಟ್ಟಿಲ್ಲದ ದಿನ ಅದುರ್ಲಿಲ್ಲ ಅಂತ ಬರ್ಕೊಟ್ಟಿದ್ದೆ. ಆಗೆಲ್ಲ ಅದುರ್ತಿತ್ತಾ?"

"ಅದುರ್ತಿತ್ತು."

"ಮತ್ಯಾಕೆ ಆಗ್ಲೇ ನಂಗೆ ಏಳ್ಲಿಲ್ಲ ತಾತಾ?"

ತಾಯಿಯೂ ಸೂತಕ ಹಿಡಿದಿದ್ದಾಳೆಂದು ನಂಬಿಬಿಟ್ಟಿದ್ದೆ. ಅವಳು ಪೆನ್ಸಿಲ್ ಹಿಡಿದು ಕೂತಳು.

"ನೆನಪಿರೋ ದಿನಾನೆಲ್ಲ ಏಳು, ಬರ್ಕಂತೀನಿ."

ಹೇಳುತ್ತ ಹೋದೆ. ಅದುರಿದ ದಿನದ ಒಂದೊಂದು ಬರಿಯ ಚೌಕದಲ್ಲೂ ಅವಳು ಗೆರೆ ಎಳೆದಳು. ಹಿಂದಿನ ವರ್ಷಗಳೆಲ್ಲ ಮುಗಿದು ಈ ಆಷಾಢದ ನಾಲ್ಕನೆಯ ದಿನಕ್ಕೆ ಬಂದಾಗ ಅವಳ ಕೈ ನಿಂತಿತು. ಪೆನ್ಸಿಲ್ ತೆಗೆದುಕೊಂಡು ಆ ಗೆರೆಯನ್ನು ನಾನೇ ಎಳೆದೆ.